ಸುದ್ದಿಯಿಲ್ಲದ ಏಳು ವರ್ಷ

ಅಕ್ಟೋಬರ್ 9, 2018, ಮಂಗಳವಾರ

ಜೈದಿ ವಕೀಲರ ಕೋಣೆಗೆ ಹೋಗಿ ಅರ್ಜಿಗೆ ಸಹಿ ಹಾಕಿ ಬಂದೆ. ಅರ್ಜಿಯಲ್ಲಿರುವುದು ಇಷ್ಟು. ಅರ್ಜಿದಾರಳ ಗಂಡ, ರೈಲ್ವೆ ಪಾರ್ಸಲ್ ಕಚೇರಿಯ ಗುಮಾಸ್ತ ಸುಧಾಂಶು ಅಸ್ಥಾನಾ 2011ರ ಸೆಪ್ಟೆಂಬರ್ 14ರ ಬೆಳಿಗ್ಗೆ ಡ್ಯೂಟಿಗೆಂದು ಮನೆಯಿಂದ ಹೊರಟವನು ಮರಳಿಲ್ಲ. ಅವನ ಸುದ್ದಿ ಸಹಜವಾಗಿ ಯಾರಿಗೆ ತಿಳಿಯಬೇಕಿತ್ತೋ ಅವರಲ್ಲಿ ಯಾರಿಗೂ ಏಳು ವರ್ಷಗಳಿಂದ ತಿಳಿದಿಲ್ಲ. ಆದ್ದರಿಂದ ಅವನು ಮೃತನೆಂದು ಘೋಷಿಸಬೇಕು.

ಎರಡು ಹೇಳಿಕೆ, ಒಂದು ತೀರ್ಮಾನ. ತರಗತಿಯ ಹಲಗೆಯ ಮೇಲೆ ಯಾರಾದರೂ ಹೀಗೆ ಬರೆದಿದ್ದರೆ ನಾನೇ ಅಡ್ಡಗೆರೆ ಎಳೆಯುತ್ತಿದ್ದೆ. ಸುದ್ದಿ ಬಂದಿಲ್ಲ ಎಂಬುದರಿಂದ ಸತ್ತಿದ್ದಾನೆ ಎಂಬುದು ಹೊರಡುವುದಿಲ್ಲ. ಜೈದಿ ಸಾಹೇಬರಿಗೆ ಹಾಗೆಂದೆ. ಅವರು ನಕ್ಕರು. "ನಿಮ್ಮ ಕ್ಲಾಸಲ್ಲಿ ಹೊರಡಲ್ಲ ಮೇಡಂ, ಕೋರ್ಟಲ್ಲಿ ಹೊರಡತ್ತೆ. ಏಳು ವರ್ಷ ತುಂಬಿದ ಮಾರನೇ ದಿನದಿಂದ."

ಹೊರಡಲಿ. ಆ ಕಾಗದ ಕೈಗೆ ಬಂದರೆ ಅವನ ಬದಲಿಗೆ ರೈಲ್ವೆಯಲ್ಲಿ ನನಗೊಂದು ಕೆಲಸ ಸಿಗುತ್ತದೆ. ಆರೂವರೆ ವರ್ಷದಿಂದ ಕಟ್ರಾ ಪೇಟೆಯ ಕೋಚಿಂಗ್ ಕೇಂದ್ರದ ತಗಡಿನ ಸೂರಿನಡಿ ನೂರೈವತ್ತು ಮಕ್ಕಳಿಗೆ ರೈಲ್ವೆ ಪರೀಕ್ಷೆಯ ತರ್ಕದ ಪ್ರಶ್ನೆ ಬಿಡಿಸಿಕೊಡುತ್ತಿದ್ದೇನೆ. ಆ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರಿಗೂ ಸಿಗದ ನೌಕರಿ ನನಗೆ ಪರೀಕ್ಷೆಯಿಲ್ಲದೆ ಸಿಗಲಿದೆ, ಒಬ್ಬ ಮನುಷ್ಯ ಸತ್ತಿದ್ದಾನೆ ಎಂದು ನಾನು ಹೇಳಿದರೆ ಸಾಕು. ನನಗೀಗ ನಲವತ್ತೊಂದು. ಹೇಳುತ್ತೇನೆ.

ಇನ್ನೊಂದು ಸಹಿ ಸುಧಾಂಶುವಿನ ತಾಯಿಯದು ಆಗಬೇಕು. ಕಾಗದ ಮುಂದಿಟ್ಟರೆ ಕನ್ನಡಕ ಸಿಗುತ್ತಿಲ್ಲ ಎಂದರು. ಕನ್ನಡಕ ಹಣೆಯ ಮೇಲೇ ಇತ್ತು.

ಅಕ್ಟೋಬರ್ 17, ಬುಧವಾರ

ನಿನ್ನೆ ಊರಿನ ಹೆಸರು ಬದಲಾಯಿತು. ನಮ್ಮ ಕೋಚಿಂಗಿನ ಯಜಮಾನರು ದುಬೆ ಸರ್ ಬೆಳಿಗ್ಗೆಯೇ ಬೋರ್ಡಿಗೆ ಬಣ್ಣ ಹೊಡೆಯುವವರನ್ನು ಕರೆಸಿ ಏಣಿ ಹತ್ತಿಸಿದ್ದರು. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. "ಮೇಡಂ, ನಾನು ಹುಟ್ಟಿದ್ದು ಇಲಾಹಾಬಾದಲ್ಲಿ. ಇಲಾಹಾಬಾದ್ ಅನ್ನೋ ಊರೇ ಇಲ್ಲ. ತೀರ್ಮಾನ, ನಾನು ಹುಟ್ಟೇ ಇಲ್ಲ!" ಇಡೀ ತರಗತಿ ಒಂದೇ ದನಿಯಲ್ಲಿ "ಹೊರಡಲ್ಲಾ" ಎಂದಿತು. ಬೆನ್ನ ಹಿಂದೆ ಇವರೆಲ್ಲ ನನ್ನನ್ನು 'ಹೊರಡಲ್ಲ ಮೇಡಂ' ಎನ್ನುವುದು ನನಗೆ ಗೊತ್ತು.

ಇವತ್ತು ಸಾಧ್ಯತೆಯ ಪ್ರಶ್ನೆಗಳು. 'ಎಲ್ಲಾ ದೋಣಿಗಳು ಮರಗಳು. ಕೆಲವು ಮರಗಳು ಕಲ್ಲುಗಳು. ತೀರ್ಮಾನ: ಎಲ್ಲಾ ದೋಣಿಗಳು ಕಲ್ಲುಗಳಾಗಿರುವ ಸಾಧ್ಯತೆ ಇದೆ.' ಮುಂದಿನ ಸಾಲಿನ ಸರಿತಾ ಬಿಂದ್ ಎದ್ದು ನಿಂತಳು. ಮಿರ್ಜಾಪುರದ ಕಡೆಯವಳು, ಅವರಪ್ಪ ಗಂಗೆಯಲ್ಲಿ ದೋಣಿ ನಡೆಸುತ್ತಾರೆ.

"ಕಲ್ಲು ಮುಳುಗತ್ತಲ್ಲ ಮೇಡಂ. ಸಾಧ್ಯತೆ ಹೇಗಿರತ್ತೆ?"

"ಮುಳುಗತ್ತೆ ಅಂತ ಹೇಳಿಕೇಲಿ ಎಲ್ಲಿದೆ? ನಿನಗೆ ಹೊರಗಡೆ ಗೊತ್ತಿರೋದನ್ನ ಪ್ರಶ್ನೆ ಒಳಗೆ ತರಬೇಡ. ಹೇಳಿಕೇಲಿ 'ಇಲ್ಲ' ಅನ್ನೋ ಮಾತು ಇಲ್ಲದಿದ್ರೆ ಸಾಧ್ಯತೆ ಇದ್ದೇ ಇದೆ."

"ಎಲ್ಲಿವರೆಗೆ ಇರತ್ತೆ ಮೇಡಂ?"

ಎಲ್ಲರೂ ನಕ್ಕರು. "ಯಾರಾದ್ರೂ 'ಇಲ್ಲ' ಅನ್ನೋವರೆಗೆ" ಎಂದು ಹೇಳಿ ಕೂರಿಸಿದೆ.

ಸುಧಾಂಶುವಿನ ತಾಯಿ ಇನ್ನೂ ಸಹಿ ಹಾಕಿಲ್ಲ. ಇವತ್ತು ಬೆರಳಿಗೆ ಚಾಕು ತಾಗಿದೆಯಂತೆ.

ನವೆಂಬರ್ 2, ಶುಕ್ರವಾರ

ಸಂಜೆ ನಾಳಿನ ಪ್ರಶ್ನೆಗಳನ್ನು ಬರೆಯುತ್ತ ಬಾಯಲ್ಲೇ ಓದಿಕೊಳ್ಳುತ್ತಿದ್ದೆ. ಸುಧಾಂಶುವಿನ ತಾಯಿ ಎದುರಿಗೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. "ಏನದು ದುಲ್ಹಿನ್, ಎಲ್ಲಾ ಲೇಖನೀನೂ ಪುಸ್ತಕ ಅಂತೀಯ? ಲೇಖನಿ ಎಲ್ಲಾದ್ರೂ ಪುಸ್ತಕ ಆಗತ್ತಾ?" ಎಂದರು. ಮದುವೆಯಾಗಿ ಹದಿನಾರು ವರ್ಷವಾಯಿತು, ಅವರ ಬಾಯಲ್ಲಿ ನಾನು ಕುಮುದ್ ಅಲ್ಲ, ಇನ್ನೂ ಹೊಸ ಮದುಮಗಳು, ದುಲ್ಹಿನ್.

"ಆಗತ್ತೆ ಅಂತ ಒಪ್ಕೋಬೇಕು ಅಮ್ಮಾಜಿ. ಹೇಳಿಕೇನ ಪ್ರಶ್ನೆ ಮಾಡೋ ಹಾಗಿಲ್ಲ. ಅದರಿಂದ ಏನು ಹೊರಡತ್ತೆ, ಏನು ಹೊರಡಲ್ಲ, ಅಷ್ಟೇ ನೋಡೋದು."

"ಸುಳ್ಳನ್ನ ಒಪ್ಕೊಂಡು ಅದ್ರಿಂದ ನಿಜ ತೆಗೀತೀಯಾ?" ಎಂದು ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದರು. ಆಮೇಲೆ ತಾವೇ ಒಂದು ಪ್ರಶ್ನೆ ಮಾಡಿದರು. "ಎಲ್ಲಾ ಸೊಸೇರೂ ಕೋಪಿಷ್ಠರು. ನಮ್ಮ ವರ್ಮಾಜಿ ಕೋಪಿಷ್ಠ. ಅದ್ರಿಂದ ವರ್ಮಾಜಿ ಸೊಸೆ. ಸರಿನಾ?"

ವರ್ಮಾಜಿ ಎಂದರೆ ಕೆಳಗಿನ ಮಹಡಿಯಲ್ಲಿರುವ ಮನೆ ಮಾಲೀಕರು, ದೊಡ್ಡ ಮೀಸೆಯವರು. ನನಗೆ ನಗು ಬಂತು. ಯಾಕೆ ಹೊರಡುವುದಿಲ್ಲ ಎಂದು ಮೂರು ವೃತ್ತ ಬರೆದು ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ಐದನೇ ತರಗತಿಯವರೆಗೆ ಓದಿದವರು, ಆದರೆ ಎರಡನೇ ಸಲಕ್ಕೇ ಹಿಡಿದುಬಿಟ್ಟರು. ಕನ್ನಡಕ ಕಣ್ಣ ಮೇಲಿದ್ದಾಗಲೇ ಕಾಗದ ತಂದು ಇಟ್ಟೆ. ಈ ಸಲ ನೆಪ ಹೇಳಲಿಲ್ಲ. ಕೈಲಾಸವತಿ ಎಂದು ನಿಧಾನವಾಗಿ, ಒಂದೊಂದೇ ಅಕ್ಷರ ಬರೆದರು. ಬರೆದು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು. ಅರ್ಧ ಸೊಪ್ಪು ಇನ್ನೂ ಬಿಡಿಸಿರಲಿಲ್ಲ.

ನವೆಂಬರ್ 25, ಭಾನುವಾರ

ಪತ್ರಿಕೆಯಲ್ಲಿ ನ್ಯಾಯಾಲಯದ ಪ್ರಕಟಣೆ ಬಂದಿದೆ. ಸುಧಾಂಶುವಿನ ಫೋಟೊ, ನೌಕರಿಯ ಗುರುತಿನ ಚೀಟಿಯದು. ಈ ವ್ಯಕ್ತಿಯ ಬಗ್ಗೆ ಯಾರಿಗಾದರೂ ತಿಳಿದಿದ್ದರೆ ಮೂವತ್ತು ದಿನದೊಳಗೆ ತಿಳಿಸತಕ್ಕದ್ದು. ಫೋಟೊದಲ್ಲಿ ಅವನ ಕಿವಿ ಇಷ್ಟು ದೊಡ್ಡದು ಎಂದು ನನಗೆ ನೆನಪೇ ಇರಲಿಲ್ಲ.

ಮಧ್ಯಾಹ್ನ ಅಮ್ಮಾಜಿ ಊಟ ಮಾಡಲಿಲ್ಲ. ಸಂಜೆ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ದುಲ್ಹಿನ್, 'ಯಾರಿಗೂ ತಿಳಿದಿಲ್ಲ' ಅಂತ ಒಂದು ಹೇಳಿಕೆ ಇದೆ ಅಂದ್ಕೋ. ಒಬ್ಬರಿಗೆ ಮಾತ್ರ ತಿಳಿದಿದ್ರೆ?"

"ಒಬ್ಬರು ಸಾಕು ಅಮ್ಮಾಜಿ. ಹೇಳಿಕೆ ಸುಳ್ಳಾಗತ್ತೆ."

"ಒಬ್ಬರಿಗೆ ಸ್ವಲ್ಪವೇ ತಿಳಿದಿದ್ರೆ?"

"ಸ್ವಲ್ಪ ಆದ್ರೂ ಅಷ್ಟೇ."

ತಲೆಯಾಡಿಸಿ ಹೋದರು. ಈ ವಯಸ್ಸಿನಲ್ಲಿ ಇಷ್ಟು ಆಸಕ್ತಿ! ನಮ್ಮ ಬೆಳಗಿನ ಬ್ಯಾಚಿನ ಅರ್ಧ ಮಂದಿಗೆ ಇನ್ನೂ 'ಯಾರೂ ಇಲ್ಲ' ಎಂಬುದರ ಎದುರು ಮಾತು 'ಒಬ್ಬರಾದರೂ ಇದ್ದಾರೆ' ಎಂಬುದು ತಲೆಗೆ ಹತ್ತಿಲ್ಲ. ನಾಳೆ ಅವರಿಗೆ ಅಮ್ಮಾಜಿಯ ಪ್ರಶ್ನೆಯನ್ನೇ ಕೊಡಬೇಕು.

ಡಿಸೆಂಬರ್ 10, ಸೋಮವಾರ

ಅವನು ಬದುಕಿದ್ದಾನೆ. ನಾಲ್ಕು ವರ್ಷದ ಹಿಂದೆ ಬದುಕಿದ್ದ.

ಜೈದಿ ಸಾಹೇಬರು ನಮ್ಮಿಬ್ಬರ ಪ್ರಮಾಣಪತ್ರ ಸಹಿಗೆ ಕಳಿಸಿದ್ದರು. ಅಮ್ಮಾಜಿಯದನ್ನು ಓದಿ ಹೇಳುತ್ತಿದ್ದೆ. 'ನನ್ನ ಮಗ ಹೋದ ದಿನದಿಂದ ಇಂದಿನವರೆಗೆ ಅವನಿಂದ ಪತ್ರವಾಗಲಿ, ದೂರವಾಣಿ ಕರೆಯಾಗಲಿ' ಎಂಬಲ್ಲಿಗೆ ಬಂದಾಗ ಅವರು ಕೈ ಹಿಡಿದರು.

"ಫೋನ್ ಬಂದಿತ್ತು ದುಲ್ಹಿನ್."

ಅವನು ಹೋದ ಮೇಲಿನ ನಾಲ್ಕನೇ ಹೋಳಿಯ ದಿನ. ನಾನು ತಟ್ಟೆಯಲ್ಲಿ ಗುಝಿಯಾ ಕಡುಬು ಇಟ್ಟುಕೊಂಡು ಕೆಳಗೆ ವರ್ಮಾಜಿಯವರ ಮನೆಗೆ ಕೊಡಲು ಹೋಗಿದ್ದೆ. ಅಷ್ಟರಲ್ಲೇ ಬಂದದ್ದು, ಅಷ್ಟರಲ್ಲೇ ಮುಗಿದದ್ದು. "ಅಮ್ಮಾ ನಾನು ಚೆನ್ನಾಗಿದೀನಿ, ನನ್ನ ಹುಡುಕಬೇಡಿ, ಕುಮುದ್‌ಗೆ ಹೇಳಬೇಡ ಅಂದ."

"ಎಲ್ಲಿಂದ?"

"ಹೇಳಲಿಲ್ಲ. ನಾನೂ ಕೇಳಲಿಲ್ಲ."

"ಮತ್ತೇನು ಅಂದ?"

"ಅಷ್ಟೇ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಹಿಂದುಗಡೆ ಒಂದು ಮಗು ಅಳ್ತಿತ್ತು."

ಡಿಸೆಂಬರ್ 11

ಹಿಂದುಗಡೆ ಒಂದು ಮಗು ಅಳುತ್ತಿತ್ತು. ಇದರಿಂದ ಯಾವ ತೀರ್ಮಾನವೂ ಹೊರಡುವುದಿಲ್ಲ. ಅದು ರೈಲು ನಿಲ್ದಾಣವಿರಬಹುದು. ಪಕ್ಕದ ಮನೆಯ ಮಗುವಿರಬಹುದು. ಅಂಗಡಿಯಿಂದ ಫೋನ್ ಮಾಡಿರಬಹುದು, ಅಂಗಡಿಗೆ ಯಾರೋ ಮಗು ಎತ್ತಿಕೊಂಡು ಬಂದಿರಬಹುದು. ಇರಬಹುದು.

ನಮಗೆ ಮಕ್ಕಳಾಗಲಿಲ್ಲ.

ಡಿಸೆಂಬರ್ 15, ಶನಿವಾರ

ತರಗತಿಯಲ್ಲಿ ತಪ್ಪು ಉತ್ತರ ಬರೆದೆ. ಸರಿತಾ ಎದ್ದು ಹೇಳಿದಳು. ಅಳಿಸಿ ಮತ್ತೆ ಬರೆದೆ, ಅದೂ ತಪ್ಪಾಗಿತ್ತು. ಯಾರೂ ನಗಲಿಲ್ಲ.

ಡಿಸೆಂಬರ್ 23, ಭಾನುವಾರ

ಹದಿಮೂರು ದಿನ ನಾನು ಅವರೊಡನೆ ಮಾತಾಡಿರಲಿಲ್ಲ. ಅಡುಗೆ ಮಾಡಿಟ್ಟು ಹೋಗುತ್ತಿದ್ದೆ, ಬಂದು ಪಾತ್ರೆ ತೊಳೆಯುತ್ತಿದ್ದೆ. ಇವತ್ತು ತಡೆಯಲಾಗದೆ ಕೇಳಿದೆ.

"ಅವನು ಹೇಳಬೇಡ ಅಂದ, ಸರಿ. ನೀವ್ಯಾಕೆ ಹೇಳಲಿಲ್ಲ? ನನಗೆ ಆಗ ಮೂವತ್ತೇಳು. ನಾಲ್ಕು ವರ್ಷ ಅಮ್ಮಾಜಿ! ಆಸ್ಪತ್ರೇಲಿ ಹೆಣ ಗುರುತು ಹಿಡಿಯೋಕೆ ಪೊಲೀಸರು ಕರೆದಾಗೆಲ್ಲ ಹೋಗ್ತಿದ್ದೆ. ಬಟ್ಟೆ ಸರಿಸಿ ಮುಖ ನೋಡಿ ಬರ್ತಿದ್ದೆ. ಬಂದ ತಕ್ಷಣ ನೀವು ಬಿಸಿನೀರು ಕಾಯಿಸಿ ಕೊಡ್ತಿದ್ರಿ. ಅವನಲ್ಲ ಅಂತ ನಿಮಗೆ ಗೊತ್ತಿತ್ತು!"

ಅವರು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಕೆಮ್ಮು ಹೆಚ್ಚಾಗಿದೆ. ಉಸಿರು ಹಿಡಿದುಕೊಂಡು ಬಿಡಿಸಿ ಬಿಡಿಸಿ ಹೇಳಿದರು.

"ಹೇಳಿದ್ರೆ ನೀನು ಹೋಗ್ಬಿಡ್ತಿದ್ದೆ. ಕಾಯೋದಕ್ಕೆ ಗಂಡ ಇಲ್ಲ ಅಂದ್ಮೇಲೆ ಅತ್ತೇನ ಯಾರು ಇಟ್ಕೋತಾರೆ? ಅವನು ಹೋದ. ನೀನೂ ಹೋಗಿದ್ರೆ ನನಗೆ ಯಾರಿದ್ರು?"

ಪೇಟೆಗೆ ಹೋಗಿ ಸುಮ್ಮನೆ ಎರಡು ಸುತ್ತು ಹಾಕಿ ಬಂದೆ. ಎಲ್ಲ ಕಡೆ ಕುಂಭಮೇಳಕ್ಕೆಂದು ಗೋಡೆಗಳಿಗೆ ಚಿತ್ರ ಬರೆಯುತ್ತಿದ್ದಾರೆ. ಆಗ ಲಖನೌದಿಂದ ನನ್ನಣ್ಣ ಕರೆಯುತ್ತಲೇ ಇದ್ದ. ನಾನು ಹೋಗಿಬಿಡುತ್ತಿದ್ದೆ. ಅದೇ ವಾರ ಹೋಗುತ್ತಿದ್ದೆ. ಆ ಮುದುಕಿ ಹಾಕಿದ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ.

ಜನವರಿ 6, 2019, ಭಾನುವಾರ

ಚಳಿ. ಮೂರು ದಿನದಿಂದ ಸೂರ್ಯ ಕಂಡಿಲ್ಲ. ಅಮ್ಮಾಜಿಗೆ ಮಲಗಿದರೆ ಉಸಿರಾಡಲಾಗುವುದಿಲ್ಲ, ಗೋಡೆಗೆ ಒರಗಿ ಕೂತೇ ಇರುತ್ತಾರೆ. ಸಾಸಿವೆ ಎಣ್ಣೆಗೆ ಓಮ ಹಾಕಿ ಕಾಯಿಸಿ ಎದೆಗೂ ಅಂಗಾಲಿಗೂ ತಿಕ್ಕಿದೆ. ಅವರ ಕೆಮ್ಮಿಗೆ ನನಗೆ ನಿದ್ದೆ ಬರುವುದಿಲ್ಲ, ಅದಕ್ಕೆ. ಶಾಲು ಹಳೆಯದಾಗಿತ್ತು. ಹೊಸದು ತಂದೆ, ಅವರು ಕೇಳಿರಲಿಲ್ಲ.

ವೈದ್ಯರು ಹೃದಯ ದಣಿದಿದೆ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ರೈಲ್ವೆ ಕೆಲಸ ಸಿಕ್ಕಿದರೆ ರೈಲ್ವೆ ಆಸ್ಪತ್ರೆಯ ಕಾರ್ಡ್ ಸಿಗುತ್ತದೆ, ಅತ್ತೆಯ ಹೆಸರೂ ಸೇರುತ್ತದೆ ಎಂದು ವಿಚಾರಿಸಿಕೊಂಡು ಬಂದೆ. ಇದನ್ನು ಅಮ್ಮಾಜಿಗೆ ಹೇಳಬಾರದಿತ್ತು.

"ನಾನು ಹೇಳ್ತೀನಿ ದುಲ್ಹಿನ್. ಫೋನ್ ಬಂದಿಲ್ಲ ಅಂತ ಕೋರ್ಟಲ್ಲಿ ಹೇಳ್ತೀನಿ. ನನ್ನ ಆಸ್ಪತ್ರೆಗಲ್ಲ. ನಿನ್ನಿಂದ ತಗೊಂಡ ನಾಲ್ಕು ವರ್ಷ ಇದೆಯಲ್ಲ, ಅದಕ್ಕೆ."

ಬೇಡ ಎನ್ನಬೇಕಿತ್ತು. ಅನ್ನಲಿಲ್ಲ.

ಜನವರಿ 29, ಮಂಗಳವಾರ

ವಿಚಾರಣೆ ಫೆಬ್ರವರಿ 13ಕ್ಕೆ. ಎದುರು ಪಕ್ಷದವರು ಯಾರೂ ಇಲ್ಲದ್ದರಿಂದ ಬೇಗ ಮುಗಿಯುತ್ತದೆ, ಆದರೆ ಈ ಜಡ್ಜ್ ತಾಯಿಯ ಬಾಯಿಂದಲೇ ಕೇಳುತ್ತಾರೆ ಎಂದರು ಜೈದಿ ಸಾಹೇಬರು. ಅವರಿಗೆ ಫೋನಿನ ವಿಷಯ ಹೇಳಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡಿಸುತ್ತಿದ್ದೇನೆ. ನಾನು ಕುರ್ಚಿಯಲ್ಲಿ ಜಡ್ಜ್, ಅಮ್ಮಾಜಿ ಮಂಚದ ಮೇಲೆ ಸಾಕ್ಷಿ. ಹೇಳಬೇಕಾದದ್ದು ಎರಡೇ ಮಾತು. 'ಯಾವ ಸುದ್ದಿಯೂ ಬಂದಿಲ್ಲ ಹುಜೂರ್. ನನ್ನ ಮಗ ಬದುಕಿಲ್ಲ ಅಂತ ನಂಬಿದ್ದೀನಿ.'

ಮೊದಲನೇ ಮಾತು ನೀರು ಕುಡಿದ ಹಾಗೆ ಹೇಳುತ್ತಾರೆ. ಎರಡನೆಯದಕ್ಕೆ ಬಂದರೆ ಕೆಮ್ಮು ಬರುತ್ತದೆ.

"ಎರಡನೇದು ಬೇಕೇ ಬೇಕಾ? ಮೊದಲನೇದ್ರಿಂದ ತಾನೇ ಹೊರಡಲ್ವಾ?"

"ಹೊರಡಲ್ಲ ಅಮ್ಮಾಜಿ. ಬಾಯಿಬಿಟ್ಟು ಹೇಳಬೇಕು."

"ನಿನ್ನ ಶಾಸ್ತ್ರ ಬಹಳ ಕೆಟ್ಟದ್ದು ಬಿಡು" ಎಂದರು. ಇಬ್ಬರೂ ನಕ್ಕೆವು. ನಗುತ್ತ ನಗುತ್ತ ಅಮ್ಮಾಜಿಗೆ ಉಸಿರು ಸಿಕ್ಕಿಕೊಂಡು ಬೆನ್ನು ನೀವಬೇಕಾಯಿತು. ಎಷ್ಟು ತೆಳ್ಳಗಾಗಿದ್ದಾರೆ! ಕೈಗೆ ಬರೀ ಎಲುಬು ಸಿಗುತ್ತದೆ.

ಫೆಬ್ರವರಿ 13, ಬುಧವಾರ

ಹೇಗಾಯಿತೋ ಹಾಗೆಯೇ ಬರೆಯುತ್ತೇನೆ.

ಮೇಳದ ಜನಜಂಗುಳಿಯಲ್ಲಿ ಇ-ರಿಕ್ಷಾ ಸಿಗಲಿಕ್ಕಿಲ್ಲ ಎಂದು ಒಂದು ಗಂಟೆ ಮೊದಲೇ ಹೊರಟಿದ್ದೆವು. ಅಮ್ಮ ಒಗೆದಿಟ್ಟ ಬಿಳಿ ಸೀರೆ ಉಟ್ಟಿದ್ದರು. ನ್ಯಾಯಾಲಯದ ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಂತರು. ನಮ್ಮ ಹೆಸರು ಕೂಗಿದಾಗ ಹನ್ನೆರಡೂವರೆ.

ಜಡ್ಜ್ ನನ್ನ ವಯಸ್ಸಿನ ಹೆಂಗಸು. ಅಮ್ಮನಿಗೆ ಕುರ್ಚಿ ಹಾಕಿಸಿದರು. ಅಮ್ಮ ಕೂರಲಿಲ್ಲ, ಕಟಕಟೆಯ ಮರ ಹಿಡಿದು ನಿಂತರು. ಹೆಸರು, ವಯಸ್ಸು, ಎಷ್ಟು ಮಕ್ಕಳು ಎಂದು ಕೇಳಿದರು. "ಒಬ್ಬನೇ ಹುಜೂರ್" ಎಂದರು ಅಮ್ಮ.

"ಮಾತಾಜಿ, ನಿಮ್ಮ ಮಗ ಬದುಕಿಲ್ಲ ಅಂತ ನಿಮಗೆ ಅನ್ನಿಸತ್ತಾ?"

ನಾವು ಅಭ್ಯಾಸ ಮಾಡಿದ್ದು ಬೇರೆ ಕ್ರಮದಲ್ಲಿ. ಮೊದಲು ಸುದ್ದಿ ಬಂದಿತ್ತಾ ಎಂದು ಕೇಳುತ್ತಾರೆ, ಆಮೇಲೆ ಇದು. ಜಡ್ಜ್ ನೇರವಾಗಿ ಇದನ್ನೇ ಕೇಳಿಬಿಟ್ಟರು. ಅಮ್ಮ ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. "ನನ್ನ ಮಗ" ಎಂದರು. ನಿಲ್ಲಿಸಿದರು. "ಹುಜೂರ್, ನನ್ನ ಮಗ." ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಗುಮಾಸ್ತ ಬರೆಯಲು ಲೇಖನಿ ಎತ್ತಿ ಕಾಯುತ್ತಿದ್ದ. ಮೂರನೇ ಸಲ "ನನ್ನ ಮಗ" ಎಂದು ಅಮ್ಮ ಬಾಯಿ ತೆರೆದರು, ಈ ಸಲ ಹೇಳಿಯೇಬಿಡುತ್ತಾರೆ ಎಂದು ನನಗೆ ತಿಳಿಯಿತು.

ನಾನು ಬೆಂಚಿನಿಂದ ಎದ್ದೆ. "ಮೇಡಂ, ಅವರನ್ನ ಕೇಳಬೇಡಿ. ಅರ್ಜಿ ನನ್ನದು, ವಾಪಸ್ ತಗೋತೀನಿ."

ಹೊರಗೆ ಹುಣಸೆ ಮರದ ಕೆಳಗೆ ಜೈದಿ ಸಾಹೇಬರು ಸಿಟ್ಟಿನಿಂದ ಕರಿ ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡರು. "ಒಂದು ವಾಕ್ಯ ಬಾಕಿ ಇತ್ತು ಮೇಡಂ! ಒಂದೇ ವಾಕ್ಯ!" ಆಗ ಫೋನಿನ ವಿಷಯ ಹೇಳಿದೆ. "ಹಾಗಾದ್ರೆ ಆ ದಿನದಿಂದ ಮತ್ತೆ ಏಳು ವರ್ಷ ಎಣಿಸಬೇಕು. ಅಷ್ಟು ಹೊತ್ತಿಗೆ ಈ ನೌಕರಿ ನಿಮಗಾಗಿ ಕಾಯಲ್ಲ" ಎಂದರು. ಆಮೇಲೆ ಅಮ್ಮನ ಮುಂದೆ ಬಗ್ಗಿ, "ಚಹಾ ಕುಡೀತೀರಾ ಅಮ್ಮಾ?" ಎಂದು ಕೇಳಿ ತಾವೇ ಹೋಗಿ ತಂದುಕೊಟ್ಟರು.

ಅಮ್ಮನದು ದಾರಿಯುದ್ದಕ್ಕೂ ಒಂದೇ ಮಾತು. "ಹೇಳ್ತಿದ್ದೆ ದುಲ್ಹಿನ್. ಇನ್ನೊಂದು ಗಳಿಗೆ ಬಿಟ್ಟಿದ್ರೆ ಹೇಳ್ತಿದ್ದೆ."

"ಗೊತ್ತು ಅಮ್ಮಾಜಿ" ಎಂದೆ.

ಫೆಬ್ರವರಿ 14

ದುಬೆ ಸರ್‌ಗೆ ಹೇಳಿದೆ, ಪಾಠ ಬಿಡುವುದಿಲ್ಲ, ಸಂಜೆಯ ಬ್ಯಾಚೂ ನನಗೇ ಕೊಡಿ. ನೌಕರಿ ಏನಾಯಿತು ಎಂದು ಕೇಳಿದರು. ಆಗಲಿಲ್ಲ ಎಂದೆ. ಎದೆಯೊಳಗೆ ಏನೂ ಆಗುತ್ತಿಲ್ಲ. ಬಹುಶಃ ದಣಿವು.

ಮಾರ್ಚ್ 3, ಭಾನುವಾರ

ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡ್, ಹನ್ನೊಂದನೇ ಮಂಚ. ಅಮ್ಮನನ್ನು ಸೇರಿಸಿ ಐದು ದಿನವಾಯಿತು. ಕಾಲು ಊದಿಕೊಂಡಿದೆ. ಮೂಗಿಗೆ ನಳಿಕೆ. ತರಗತಿ ಮುಗಿಸಿ ನೇರ ಇಲ್ಲಿಗೆ ಬರುತ್ತೇನೆ. ಸರಿತಾ ಮಧ್ಯಾಹ್ನ ಇರುತ್ತೇನೆಂದು ತಾನೇ ಬಂದಳು, ಪಾಪ, ಪುಸ್ತಕ ತಂದು ಮಂಚದ ಪಕ್ಕವೇ ಓದಿಕೊಳ್ಳುತ್ತಾಳೆ.

ಇವತ್ತು ಅಮ್ಮ ಎಚ್ಚರವಾಗಿದ್ದರು. "ಪ್ರಶ್ನೆ ಕೇಳು" ಎಂದರು. ಕೇಳಿದೆ. ಎರಡಕ್ಕೆ ಸರಿಯುತ್ತರ, ಒಂದಕ್ಕೆ ಬೇಕೆಂದೇ ತಪ್ಪುತ್ತರ. ಪಕ್ಕದ ಮಂಚದ ಫೂಲ್ಪುರದ ಹೆಂಗಸು ಬಾಯಿ ತೆರೆದು ನೋಡುತ್ತಿದ್ದಳು.

ಆಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು. "ಆ ಮಗೂಗೆ ಈಗ ಎಷ್ಟಿರಬಹುದು?"

ಯಾವ ಮಗು ಎಂದು ಕೇಳಲಿಲ್ಲ. "ಐದೋ ಆರೋ ಇರಬೇಕು ಅಮ್ಮಾಜಿ. ಶಾಲೆಗೆ ಹಾಕಿರ್ತಾರೆ."

"ಹೂಂ. ಕಿವಿ ದೊಡ್ಡದಿರತ್ತೆ."

"ಇರತ್ತೆ" ಎಂದೆ. ಹಣೆಯ ಕೂದಲು ಸರಿಸಿದೆ. ನಿದ್ದೆ ಹೋದರು.

ಮಾರ್ಚ್ 9, ಶನಿವಾರ

ಗುರುವಾರ ಬೆಳಿಗ್ಗೆ ಆರೂಕಾಲಿಗೆ ಅಮ್ಮ ಹೋದರು. ನಾನು ಮುಖ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದೆ. ಬಂದಾಗ ನಳಿಕೆ ಹಾಗೆಯೇ ಇತ್ತು, ಎದೆ ಏಳುತ್ತಿರಲಿಲ್ಲ.

ವರ್ಮಾಜಿ ಎಲ್ಲ ವ್ಯವಸ್ಥೆ ಮಾಡಿದರು. ಲಖನೌದಿಂದ ಅಣ್ಣ ಬರುವುದು ಸಂಜೆಯಾಗುತ್ತಿತ್ತು, ಕಾಯಲಿಲ್ಲ. ರಸೂಲಾಬಾದ್ ಘಾಟಿನ ಸ್ಮಶಾನದಲ್ಲಿ ಪುರೋಹಿತರು ಗಂಡಸರ ಕಡೆ ನೋಡಿ ಕೇಳಿದರು. "ಬೆಂಕಿ ಕೊಡೋರು ಯಾರು? ಮಗ ಇಲ್ವಾ?" ವರ್ಮಾಜಿ ನೆಲ ನೋಡಿದರು.

"ಮಗ ಇದ್ದಾನೆ" ಎಂದೆ. "ಬರಲ್ಲ. ನಾನು ಕೊಡ್ತೀನಿ."

ಪುರೋಹಿತರು ಒಂದು ಗಳಿಗೆ ಯೋಚಿಸಿ, ಗೋತ್ರ ಹೇಳಿ ಎಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸುತ್ತು ಬಂದೆ. ಅಷ್ಟು ಹಗುರಾದ ದೇಹ ಸುಡಲು ಇಷ್ಟು ಹೊತ್ತು ಬೇಕೆಂದು ಗೊತ್ತಿರಲಿಲ್ಲ. ಗಂಗೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹೊಗೆ ಕಣ್ಣಿಗೆ ಬಂದರೂ ಜಾಗ ಬದಲಿಸಲಿಲ್ಲ.

ಮುಗಿದ ಮೇಲೆ ಘಾಟಿನ ಪುಟ್ಟ ಕೋಣೆಯಲ್ಲಿ ಹೆಸರು ಬರೆಸಬೇಕಿತ್ತು. ಅಲ್ಲಿನ ಗುಮಾಸ್ತ ವಯಸ್ಸಾದವರು. ಸತ್ತವರ ಹೆಸರು, ವಯಸ್ಸು, ನನ್ನ ಹೆಸರು ಕೇಳಿದರು. ಮತ್ತೊಮ್ಮೆ ನನ್ನ ಮುಖ ನೋಡಿದರು. ಇನ್ನೇನೂ ಕೇಳದೆ ಬರೆದು, ಮುದ್ರೆ ಒತ್ತಿ, ಚೀಟಿ ಹರಿದು ಕೊಟ್ಟರು.

ರಿಕ್ಷಾದಲ್ಲಿ ವರ್ಮಾಜಿ ಅದನ್ನು ಓದಿದರು. "ಬಿಟಿಯಾ, ಇವನು ತಪ್ಪು ಬರೆದಿದ್ದಾನೆ. ಮೃತರಿಗೆ ಸಂಬಂಧ ಅನ್ನೋ ಕಡೆ 'ಮಗಳು' ಅಂತ ಹಾಕಿದ್ದಾನೆ. ಆಮೇಲೆ ಕಾಗದಪತ್ರದಲ್ಲಿ ತೊಂದರೆ ಆಗತ್ತೆ. ಇನ್ನೂ ದೂರ ಬಂದಿಲ್ಲ, ತಿರುಗಿಸಿ ಸರಿ ಮಾಡಿಸ್ಕೊಂಡು ಬರೋಣ್ವಾ?"

ಬೇಡ, ಹೋಗೋಣ ಎಂದೆ.